ರಚನೆಯ ಅರಿವು: ವಿದ್ಯುತ್ಕೋಶದಿಂದ ಲಸಿಕೆಯವರೆಗೆ

ವಜ್ರವೂ ಪೆನ್ಸಿಲಿನೊಳಗಿನ ಗ್ರಾಫೈಟೂ ಒಂದೇ ಧಾತುವಿನ, ಎಂದರೆ ಇಂಗಾಲದ, ಎರಡು ರೂಪಗಳೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲನು. ಮೊದಲನೆಯದು ಗಾಜನ್ನು ಕೊರೆಯುತ್ತದೆ. ಎರಡನೆಯದು ಕಾಗದದ ಮೇಲೆ ಸವೆದು ಗೆರೆಯಾಗಿ ಉಳಿಯುತ್ತದೆ. ಒಂದು ವಿದ್ಯುತ್ತನ್ನು ಹರಿಯಗೊಡದು. ಇನ್ನೊಂದು ಸರಾಗವಾಗಿ ಹರಿಯಗೊಡುತ್ತದೆ. ಪರಮಾಣುಗಳಲ್ಲಿ ಭೇದವಿಲ್ಲ, ಭೇದವಿರುವುದೆಲ್ಲ ಅವು ಒಂದರ ಪಕ್ಕದಲ್ಲೊಂದು ಕುಳಿತಿರುವ ಬಗೆಯಲ್ಲಿ. ಈ ಪಾಠವನ್ನು ನಾವು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತೇವೆ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆಯುತ್ತಾರೆ. ಬಳಿಕ ಅದು ಪಠ್ಯಪುಸ್ತಕದಲ್ಲಿಯೇ ಉಳಿದುಬಿಡುತ್ತದೆ.

ಈಚಿನ ವರ್ಷಗಳಲ್ಲಿ ವಿಜ್ಞಾನದ ಮುನ್ನಡೆಯ ಸುದ್ದಿಗಳು ನಾನಾ ದಿಕ್ಕುಗಳಿಂದ ಬರುತ್ತಿವೆ. ಒಂದು ದಿನ ಹೊಸ ಬಗೆಯ ಬ್ಯಾಟರಿಯ ಸುದ್ದಿ, ಇನ್ನೊಂದು ದಿನ ಹೊಸ ಲಸಿಕೆಯ ಸುದ್ದಿ, ಮತ್ತೊಂದು ದಿನ ಪ್ರೋಟೀನುಗಳ ಆಕಾರವನ್ನು ಊಹಿಸುವ ಗಣಕಯಂತ್ರದ ಸುದ್ದಿ. ಇವು ಒಂದಕ್ಕೊಂದು ಸಂಬಂಧವಿಲ್ಲದ ವಿಷಯಗಳೆಂದು ಓದುಗರಿಗೆ ತೋರುವುದು ಸಹಜ. ಆದರೆ ಸ್ವಲ್ಪ ಒಳಹೊಕ್ಕು ನೋಡಿದರೆ ಇವೆಲ್ಲವೂ ವಜ್ರ ಮತ್ತು ಗ್ರಾಫೈಟುಗಳ ಪಾಠದ ಮುಂದಿನ ಅಧ್ಯಾಯಗಳೇ ಎಂಬುದು ವಿಶದವಾಗುತ್ತದೆ. ವಸ್ತುವಿನ ಪರಮಾಣು ರಚನೆಯನ್ನು ಅರಿತಲ್ಲಿ ಕಾರ್ಯ ಕೈಗೂಡಿದೆ. ಅರಿಯದೆ ಮುನ್ನಡೆದಲ್ಲಿ ಕೆಲವೊಮ್ಮೆ ಜೀವಹಾನಿಯೂ ಸಂಭವಿಸಿದೆ. ಈ ಮಾತನ್ನು ಕೆಲವು ನಿದರ್ಶನಗಳಿಂದ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ಪದರಗಳ ನಡುವೆ ಲಿಥಿಯಮ್

ಲಿಥಿಯಮ್ ಅಯಾನು ವಿದ್ಯುತ್ಕೋಶದ ತತ್ತ್ವ ಸರಳವಾದುದು. ಅದರಲ್ಲಿ ಧನಾಗ್ರ, ಋಣಾಗ್ರ ಎಂಬ ಎರಡು ಅಗ್ರಗಳೂ ಅವುಗಳ ನಡುವೆ ಅಯಾನುಗಳನ್ನು ಹಾಯಗೊಡುವ ವಿದ್ಯುದ್ವಿಭಾಜ್ಯವೂ ಇರುತ್ತವೆ. ವಿದ್ಯುತ್ತನ್ನು ತುಂಬುವಾಗ ಲಿಥಿಯಮ್ ಅಯಾನುಗಳು ಧನಾಗ್ರವನ್ನು ಬಿಟ್ಟು ಋಣಾಗ್ರವನ್ನು ಸೇರುತ್ತವೆ, ಬಳಸುವಾಗ ಹಿಂದಿರುಗುತ್ತವೆ. ಎಲೆಕ್ಟ್ರಾನುಗಳು ಹೊರಗಿನ ತಂತಿಯ ಮೂಲಕ ಅದೇ ದಿಕ್ಕಿನಲ್ಲಿ ಸಾಗುತ್ತವೆ. ಈ ಹೋಗಿಬರುವಿಕೆ ಸಾವಿರಾರು ಸಲ ನಡೆಯಬೇಕು. ಪ್ರತಿಸಲವೂ ಅತಿಥಿ ಹೊರಟುಹೋದಾಗ ಮನೆಯ ಗೋಡೆ ಕುಸಿಯಬಾರದು; ಅತಿಥಿ ಮರಳಿದಾಗ ಬಾಗಿಲು ಮುಚ್ಚಿರಬಾರದು. ವಿದ್ಯುತ್ಕೋಶದ ವಸ್ತುಗಳ ಚರಿತ್ರೆಯೆಂದರೆ ಇಂಥ ಮನೆಯನ್ನು ಹುಡುಕಿದ ಚರಿತ್ರೆ.

೧೯೭೦ರ ದಶಕದಲ್ಲಿ ಅಮೆರಿಕದ ಎಕ್ಸಾನ್ ಸಂಸ್ಥೆಯಲ್ಲಿದ್ದ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಅವರು ಟೈಟಾನಿಯಮ್ ಡೈಸಲ್ಫೈಡ್ ಎಂಬ ಪದರಪದರವಾದ ಸಂಯುಕ್ತದ ನಡುವೆ ಲಿಥಿಯಮ್ ಸೇರಿ ಹೊರಬರಬಲ್ಲುದೆಂದು ತೋರಿಸಿದರು. ಕೋಶ ಎರಡು ವೋಲ್ಟಿಗಿಂತ ತುಸು ಹೆಚ್ಚು ಒತ್ತಡವನ್ನು ಕೊಟ್ಟಿತು. ಆದರೆ ಅದರ ಋಣಾಗ್ರ ಶುದ್ಧ ಲಿಥಿಯಮ್ ಲೋಹವಾಗಿತ್ತು. ಮತ್ತೆ ಮತ್ತೆ ವಿದ್ಯುತ್ತನ್ನು ತುಂಬಿದಾಗ ಆ ಲೋಹ ಮುಳ್ಳುಮುಳ್ಳಾಗಿ ಬೆಳೆದು ಎದುರಿನ ಅಗ್ರವನ್ನು ಮುಟ್ಟುತ್ತಿತ್ತು, ಬೆಂಕಿಯ ಅಪಾಯವಿತ್ತು. ೧೯೮೦ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್‌ಇನಫ್ ಮತ್ತು ಅವರ ಸಹೋದ್ಯೋಗಿಗಳು ಗಂಧಕದ ಬದಲು ಆಮ್ಲಜನಕವಿರುವ ಪದರಗಳನ್ನು ಆರಿಸಿ, ಲಿಥಿಯಮ್ ಕೋಬಾಲ್ಟ್ ಆಕ್ಸೈಡಿನಿಂದ ನಾಲ್ಕು ವೋಲ್ಟುಗಳನ್ನು ಪಡೆದರು. ೧೯೮೫ರಲ್ಲಿ ಜಪಾನಿನ ಅಕಿರಾ ಯೋಶಿನೋ ಅವರು ಲಿಥಿಯಮ್ ಲೋಹವನ್ನು ಕೈಬಿಟ್ಟು, ಇಂಗಾಲದ ಪದರಗಳನ್ನೇ ಋಣಾಗ್ರವಾಗಿಸಿದರು. ೧೯೯೧ರಲ್ಲಿ ಸೋನಿ ಸಂಸ್ಥೆ ಈ ಕೋಶವನ್ನು ಮಾರುಕಟ್ಟೆಗೆ ತಂದಿತು. ಈ ಮೂವರು ವಿಜ್ಞಾನಿಗಳಿಗೆ ೨೦೧೯ರ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕ ಸಂದಿತು.

ಆದರೂ ಮನೆ ನಿರ್ದೋಷವಾಗಿರಲಿಲ್ಲ. ಕೋಬಾಲ್ಟ್ ಆಕ್ಸೈಡಿನಿಂದ ಸುಮಾರು ಅರ್ಧದಷ್ಟು ಲಿಥಿಯಮನ್ನು ಮಾತ್ರ ನಿರಾತಂಕವಾಗಿ ಹೊರತೆಗೆಯಬಹುದು. ಅದಕ್ಕೂ ಹೆಚ್ಚು ತೆಗೆದರೆ ಪದರಗಳು ಅಸ್ಥಿರವಾಗುತ್ತವೆ. ಬಿಸಿಯೇರಿದಾಗ ಆಮ್ಲಜನಕ ಹೊರಬಿದ್ದು ಬೆಂಕಿಗೆ ಆಹಾರವಾಗುತ್ತದೆ. ಅಲ್ಲದೆ ಕೋಬಾಲ್ಟು ದುಬಾರಿಯ ಲೋಹ. ಜಗತ್ತಿನ ಉತ್ಪನ್ನದ ಬಹುಭಾಗ ಕಾಂಗೋ ದೇಶವೊಂದರ ಗಣಿಗಳಿಂದಲೇ ಬರತಕ್ಕದ್ದು.

೧೯೯೭ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಗುಡ್‌ಇನಫ್, ಪಾಧಿ ಮತ್ತು ನಂಜುಂಡಸ್ವಾಮಿ ಅವರು ಪ್ರಕಟಿಸಿದ ಸಂಶೋಧನೆ ಬೇರೊಂದು ದಾರಿಯನ್ನು ತೆರೆಯಿತು. ಅವರು ಆರಿಸಿದ್ದು ಲಿಥಿಯಮ್ ಕಬ್ಬಿಣದ ಫಾಸ್ಫೇಟು. ಇದರಲ್ಲಿ ನಾಲ್ಕು ನಾಲ್ಕು ಆಮ್ಲಜನಕದ ಪರಮಾಣುಗಳು ಒಂದೊಂದು ರಂಜಕದ ಪರಮಾಣುವನ್ನು ಬಿಗಿಯಾಗಿ ಹಿಡಿದುಕೊಂಡಿವೆ. ಲಿಥಿಯಮ್ ಹೊರಟುಹೋದರೂ ಈ ಹಿಡಿತ ಸಡಿಲುವುದಿಲ್ಲ. ಬಿಸಿಯಾದರೂ ಆಮ್ಲಜನಕ ಸುಲಭವಾಗಿ ಬಿಡುಗಡೆಯಾಗದು. ಒತ್ತಡ ಸುಮಾರು ೩.೪ ವೋಲ್ಟಿಗೆ ಇಳಿಯಿತಾದರೂ ಕಬ್ಬಿಣ ಅಗ್ಗವಾದುದು, ಎಲ್ಲೆಡೆ ದೊರೆಯುವಂಥದು.

ಇಲ್ಲಿಯೂ ಒಂದು ತೊಡಕಿತ್ತು. ಈ ಹರಳಿನಲ್ಲಿ ಲಿಥಿಯಮ್ ಒಂದೇ ದಿಕ್ಕಿನ ಕಿರಿದಾದ ನಾಲೆಗಳಲ್ಲಿ ಸಾಗಬೇಕು. ಎಲ್ಲೋ ಒಂದು ಕಬ್ಬಿಣದ ಪರಮಾಣು ಲಿಥಿಯಮಿನ ಸ್ಥಾನದಲ್ಲಿ ಕುಳಿತುಬಿಟ್ಟರೆ, ಒಂದೇ ಬಂಡಿ ಹಿಡಿಸುವ ಓಣಿಯಲ್ಲಿ ಕೆಟ್ಟ ಬಂಡಿಯೊಂದು ನಿಂತಂತಾಗುತ್ತದೆ. ಎಲೆಕ್ಟ್ರಾನುಗಳೂ ಇದರಲ್ಲಿ ಬಹು ಕಷ್ಟದಿಂದ ಚಲಿಸುತ್ತವೆ. ಪರಿಹಾರವೂ ರಚನೆಯ ಅರಿವಿನಿಂದಲೇ ಬಂದಿತು. ಕಣಗಳನ್ನು ಅತಿಸೂಕ್ಷ್ಮವಾಗಿಸಿದರೆ ಓಣಿಗಳು ಗಿಡ್ಡವಾಗುತ್ತವೆ. ಕಣದ ಮೈಗೆ ಇಂಗಾಲದ ತೆಳುಲೇಪ ಕೊಟ್ಟರೆ ಎಲೆಕ್ಟ್ರಾನುಗಳಿಗೆ ದಾರಿಯಾಗುತ್ತದೆ. ಆರಂಭದಲ್ಲಿ ಅಲ್ಪ ಶಕ್ತಿಯ ಕೆಲಸಗಳಿಗೆ ಮಾತ್ರ ಯೋಗ್ಯವೆಂದು ತೋರಿದ್ದ ಈ ವಸ್ತು ಇಂದು ವಿದ್ಯುತ್ ಕಾರುಗಳನ್ನೂ ಬಸ್ಸುಗಳನ್ನೂ ಓಡಿಸುತ್ತಿದೆ.

ಲಿಥಿಯಮಿನ ಬದಲು ಸೋಡಿಯಮನ್ನು ಬಳಸುವ ಪ್ರಯತ್ನದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಸೋಡಿಯಮ್ ಸಮುದ್ರದ ಉಪ್ಪಿನಲ್ಲಿ ಬೇಕಾದಷ್ಟಿದೆ. ಆದರೆ ಅದು ಗ್ರಾಫೈಟಿನ ಪದರಗಳ ನಡುವೆ ಸುಲಭವಾಗಿ ನೆಲಸದು. ಅದರ ಅಯಾನು ದೊಡ್ಡದಾದ್ದರಿಂದ ಹೀಗೆಂದು ವಿದ್ಯಾರ್ಥಿಗಳು ಕೂಡಲೆ ಉತ್ತರಿಸಬಹುದು. ಆದರೆ ಅದಕ್ಕಿಂತಲೂ ದೊಡ್ಡದಾದ ಪೊಟ್ಯಾಸಿಯಮ್ ಅದೇ ಪದರಗಳ ನಡುವೆ ಸೇರಿಕೊಳ್ಳುತ್ತದೆ! ಗಾತ್ರವೊಂದರಿಂದಲೇ ನಿರ್ಣಯವಾಗದು, ಅತಿಥಿಗೂ ಪದರಕ್ಕೂ ಇರುವ ಆಕರ್ಷಣೆ, ಪದರಗಳನ್ನು ಅಗಲಿಸಲು ತಗಲುವ ಶಕ್ತಿ, ಇವೆಲ್ಲದರ ಲೆಕ್ಕ ಸರಿಹೊಂದಬೇಕು. ಸೋಡಿಯಮಿಗೆ ಈ ಲೆಕ್ಕ ಗ್ರಾಫೈಟಿನಲ್ಲಿ ಹೊಂದುವುದಿಲ್ಲ. ಆದಕಾರಣ ಪದರಗಳು ಅಸ್ತವ್ಯಸ್ತವಾಗಿ, ನಡುನಡುವೆ ಸಣ್ಣ ಬಿರುಕುಗಳಿರುವ ಗಡಸು ಇಂಗಾಲವನ್ನು ಬಳಸಬೇಕಾಯಿತು. ಒಂದು ಅತಿಥಿಗೆ ಅಚ್ಚುಕಟ್ಟಾದ ಮನೆ ಹಿತವಾದರೆ ಇನ್ನೊಂದಕ್ಕೆ ಹರಕುಮುರುಕಾದ ಮನೆಯೇ ಹಿತ.

೨. ಪ್ರೋಟೀನಿನ ಮಡಿಕೆ

ಹರಳಿನಲ್ಲಿ ಒಂದೇ ವಿನ್ಯಾಸ ಮರುಕಳಿಸುತ್ತಿರುತ್ತದೆ. ಜೀವದೇಹದ ಪ್ರೋಟೀನುಗಳಲ್ಲಿ ಹಾಗಲ್ಲ. ಪ್ರೋಟೀನು ಎಂದರೆ ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಉದ್ದನೆಯ ಸರ. ಸರವಾಗಿಯೇ ಉಳಿದರೆ ಅದರಿಂದ ಕಾರ್ಯವಾಗದು. ಹೆಚ್ಚಿನ ಪ್ರೋಟೀನುಗಳು ನಿರ್ದಿಷ್ಟವಾದ ಆಕಾರಕ್ಕೆ ಮಡಿಸಿಕೊಂಡ ಮೇಲೆಯೇ ಕಿಣ್ವವಾಗಿಯೋ ಆಮ್ಲಜನಕವನ್ನು ಹೊರುವ ವಾಹಕವಾಗಿಯೋ ಕೆಲಸಮಾಡುತ್ತವೆ.

ಈ ಆಕಾರವನ್ನು ಕಾಣುವುದು ಸುಲಭದ ಕಾರ್ಯವಾಗಿರಲಿಲ್ಲ. ಮ್ಯಾಕ್ಸ್ ಪೆರುಟ್ಸ್ ಅವರು ಹೀಮೋಗ್ಲೋಬಿನ್ನಿನ ಹರಳುಗಳ ಮೇಲೆ ಕ್ಷ-ಕಿರಣಗಳನ್ನು ಹಾಯಿಸಲು ತೊಡಗಿದ್ದು ೧೯೩೭ರಲ್ಲಿ. ಅದರ ಸ್ಥೂಲವಾದ ಆಕಾರ ಕಂಡದ್ದು ಇಪ್ಪತ್ತೆರಡು ವರ್ಷಗಳಾದ ಬಳಿಕ. ಅಷ್ಟರಲ್ಲಿ, ೧೯೫೮ರಲ್ಲಿ, ಅವರ ಸಹೋದ್ಯೋಗಿ ಜಾನ್ ಕೆಂಡ್ರೂ ಚಿಕ್ಕದಾದ ಮಯೋಗ್ಲೋಬಿನ್ನಿನ ಆಕಾರವನ್ನು ಕಂಡಿದ್ದರು. ಇಬ್ಬರಿಗೂ ೧೯೬೨ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಈ ಕಥೆಯಲ್ಲಿ ನಮ್ಮ ನಾಡಿನ ಪಾಲೂ ಸಣ್ಣದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ ಅವರು ೧೯೬೩ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಲ್ಲಿ ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೊಡನೆ ಒಂದು ಸರಳವಾದ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಸರದ ಪ್ರತಿಯೊಂದು ಕೊಂಡಿಯಲ್ಲಿಯೂ ತಿರುಗಬಲ್ಲ ಎರಡು ಕೋನಗಳಿವೆ. ಪರಮಾಣುಗಳು ಒಂದನ್ನೊಂದು ಒತ್ತದಂತೆ ಈ ಕೋನಗಳು ಯಾವ ಯಾವ ಬೆಲೆಗಳನ್ನು ಪಡೆಯಬಹುದು? ಲೆಕ್ಕಹಾಕಿದಾಗ ಬಹುಪಾಲು ಬೆಲೆಗಳು ಅಸಾಧ್ಯವೆಂದೂ ಕೆಲವೇ ಪ್ರದೇಶಗಳು ತೆರೆದಿವೆಯೆಂದೂ ತಿಳಿಯಿತು. ಆ ನಕ್ಷೆಗೆ ರಾಮಚಂದ್ರನ್ ನಕ್ಷೆಯೆಂದೇ ಹೆಸರಾಗಿದೆ. ಜಗತ್ತಿನ ಯಾವ ಪ್ರಯೋಗಾಲಯದಲ್ಲಿ ಹೊಸ ಪ್ರೋಟೀನಿನ ರಚನೆ ದೊರೆತರೂ ಅದು ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಇಂದಿಗೂ ಇದನ್ನೇ ತೆರೆದು ನೋಡುತ್ತಾರೆ. ರಾಮಚಂದ್ರನ್ ಅವರು ೧೯೭೦ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತಶಾಸ್ತ್ರದ ವಿಭಾಗವನ್ನು ಕಟ್ಟಿದರು.

೧೯೭೧ರಲ್ಲಿ ಪ್ರೋಟೀನು ರಚನೆಗಳ ಸಾರ್ವಜನಿಕ ಭಂಡಾರವೊಂದು ಆರಂಭವಾದಾಗ ಅದರಲ್ಲಿದ್ದ ರಚನೆಗಳು ಏಳು. ೨೦೨೩ರ ವೇಳೆಗೆ ಅವು ಎರಡು ಲಕ್ಷವನ್ನು ಮೀರಿದವು. ಹರಳಾಗಲು ಒಪ್ಪದ ಪ್ರೋಟೀನುಗಳನ್ನು ಅತಿಶೀತದಲ್ಲಿ ಹೆಪ್ಪುಗಟ್ಟಿಸಿ ಎಲೆಕ್ಟ್ರಾನು ಸೂಕ್ಷ್ಮದರ್ಶಕದಿಂದ ನೋಡುವ ವಿಧಾನವೂ ಕೈಗೂಡಿತು. ಅದನ್ನು ಬೆಳೆಸಿದ ಡ್ಯುಬೋಶೆ, ಫ್ರಾಂಕ್ ಮತ್ತು ಹೆಂಡರ್ಸನ್ ಅವರಿಗೆ ೨೦೧೭ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

೩. ಒಂದು ಲಸಿಕೆಯ ಸೋಲು ಮತ್ತು ಗೆಲವು

ರಚನೆಯ ಅರಿವಿಗೆ ಎಷ್ಟು ಬೆಲೆಯುಂಟೆಂಬುದನ್ನು ವೈದ್ಯಶಾಸ್ತ್ರದ ಒಂದು ಪ್ರಸಂಗ ಮನಮುಟ್ಟುವಂತೆ ತೋರಿಸುತ್ತದೆ. ಎಳೆಯ ಮಕ್ಕಳ ಶ್ವಾಸಕೋಶಗಳನ್ನು ಪೀಡಿಸುವ ರೆಸ್ಪಿರೇಟರಿ ಸಿನ್ಸಿಷಿಯಲ್ ವೈರಸ್ ಎಂಬುದೊಂದಿದೆ. ಇದು ೧೯೫೬ರಲ್ಲಿ ಪತ್ತೆಯಾಯಿತು. ಅದಾದ ಹತ್ತು ವರ್ಷಗಳಲ್ಲಿ ಅಮೆರಿಕದಲ್ಲಿ ಅದಕ್ಕೆ ಲಸಿಕೆಯನ್ನು ಸಿದ್ಧಪಡಿಸಿದರು. ವೈರಸನ್ನು ಫಾರ್ಮಲಿನ್ನಿನಿಂದ ಕೊಂದು ಚುಚ್ಚುಮದ್ದಾಗಿ ಕೊಡುವ ಆ ಕ್ರಮ ಪೋಲಿಯೋ ರೋಗದ ವಿಷಯದಲ್ಲಿ ಆಗಲೇ ಯಶಸ್ವಿಯಾಗಿತ್ತು. ಆದಕಾರಣ ಇಲ್ಲಿಯೂ ಫಲಿಸುವುದೆಂದು ನಂಬಲು ಆಧಾರವಿತ್ತು.

ಫಲ ವಿಪರೀತವಾಯಿತು. ೧೯೬೬-೬೭ರ ಪರೀಕ್ಷೆಯೊಂದರಲ್ಲಿ ಲಸಿಕೆ ಪಡೆದ ಶಿಶುಗಳಿಗೆ ಮುಂದೆ ವೈರಸ್ ತಗಲಿದಾಗ ಅವರಲ್ಲಿ ಶೇಕಡ ೮೦ರಷ್ಟು ಮಂದಿ ಆಸ್ಪತ್ರೆಗೆ ಸೇರಬೇಕಾಯಿತು. ಈ ಲಸಿಕೆ ಪಡೆಯದ ಗುಂಪಿನಲ್ಲಿ ಸೋಂಕು ತಗಲಿದವರ ಪೈಕಿ ಹೀಗಾದವರು ಶೇಕಡ ೫ ಮಾತ್ರ. ಲಸಿಕೆ ಪಡೆದ ಎರಡು ಮಕ್ಕಳು ತೀರಿಕೊಂಡವು. ಕಾಪಾಡಬೇಕಾದ ಮದ್ದೇ ರೋಗವನ್ನು ಉಲ್ಬಣಗೊಳಿಸಿತ್ತು. ಇದಾದ ಮೇಲೆ ಹಲವು ದಶಕಗಳ ಕಾಲ ಈ ವೈರಸಿಗೆ ಲಸಿಕೆ ಸಿದ್ಧವಾಗಲಿಲ್ಲ.

ಏಕೆ ಹೀಗಾಯಿತು? ವೈರಸಿನ ಹೊರಮೈಯಲ್ಲಿ ಜೀವಕೋಶದೊಡನೆ ಬೆಸೆದುಕೊಳ್ಳಲು ನೆರವಾಗುವ ಒಂದು ಪ್ರೋಟೀನಿದೆ. ಬೆಸುಗೆಗೆ ಮುಂಚೆ ಅದಕ್ಕೆ ಒಂದು ಆಕಾರ. ಬೆಸುಗೆಯ ತರುವಾಯ ಇನ್ನೊಂದು ಆಕಾರ. ಮೊದಲನೆಯ ಆಕಾರ ಬಿಗಿಹಿಡಿದ ಬಿಲ್ಲಿನಂತೆ. ಸ್ವಲ್ಪ ಪ್ರಚೋದನೆಯಾದರೂ ಸಿಡಿದು ಎರಡನೆಯದಾಗಿಬಿಡುತ್ತದೆ. ದೇಹವನ್ನು ರಕ್ಷಿಸುವ ಪ್ರಬಲವಾದ ಪ್ರತಿಕಾಯಗಳು ಅಂಟಿಕೊಳ್ಳುವುದು ಮೊದಲನೆಯ ಆಕಾರದ ತುದಿಗೆ. ಫಾರ್ಮಲಿನ್ ಲಸಿಕೆಯಲ್ಲಿದ್ದುದಾದರೋ ಸಿಡಿದುಹೋದ ಎರಡನೆಯ ಆಕಾರ. ಶಿಶುವಿನ ದೇಹ ಪ್ರತಿಕಾಯಗಳನ್ನು ತಯಾರಿಸಿತು; ಆದರೆ ಅವು ವೈರಸನ್ನು ಹಿಡಿದವೇ ಹೊರತು ತಡೆಯಲಿಲ್ಲ. ರೋಗನಿರೋಧಕ ವ್ಯವಸ್ಥೆಯ ಇತರ ಏರುಪೇರುಗಳೂ ಸೇರಿಕೊಂಡು ಶ್ವಾಸಕೋಶಗಳ ಉರಿಯೂತ ಹೆಚ್ಚಿತು. ಅಂದಿನ ವೈದ್ಯರಲ್ಲಿ ಶ್ರದ್ಧೆಗೆ ಕೊರತೆಯಿರಲಿಲ್ಲ; ಆ ಪ್ರೋಟೀನಿಗೆ ಎರಡು ಮುಖಗಳಿವೆಯೆಂದು ತಿಳಿಯುವ ಉಪಾಯ ಅಂದು ಇರಲಿಲ್ಲ.

೨೦೧೩ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಜೇಸನ್ ಮೆಕ್‌ಲೆಲನ್, ಬಾರ್ನಿ ಗ್ರಹಾಂ, ಪೀಟರ್ ಕ್ವಾಂಗ್ ಮತ್ತು ಸಂಗಡಿಗರು ಪ್ರತಿಕಾಯವೊಂದರ ನೆರವಿನಿಂದ ಆ ಚಂಚಲವಾದ ಮೊದಲನೆಯ ಆಕಾರವನ್ನು ಹಿಡಿದು ನಿಲ್ಲಿಸಿ, ಕ್ಷ-ಕಿರಣಗಳಿಂದ ಅದರ ರಚನೆಯನ್ನು ಕಂಡರು. ಅದೇ ವರ್ಷ ಅವರು ಮುಂದಿನ ಹೆಜ್ಜೆಯನ್ನೂ ಇಟ್ಟರು. ಎಲ್ಲಿ ಎರಡು ಭಾಗಗಳನ್ನು ಗಂಧಕದ ಕೊಂಡಿಯಿಂದ ಬಿಗಿದರೆ, ಎಲ್ಲಿ ಒಳಗಿನ ಪೊಳ್ಳನ್ನು ದಪ್ಪನೆಯ ಅಮೈನೋ ಆಮ್ಲದಿಂದ ತುಂಬಿದರೆ ಬಿಲ್ಲು ಸಿಡಿಯದೆ ನಿಲ್ಲುವುದೆಂದು ರಚನೆಯನ್ನು ನೋಡಿಯೇ ನಿರ್ಧರಿಸಿದರು. ಹೀಗೆ ಬೆಣೆ ಹೊಡೆದು ನಿಲ್ಲಿಸಿದ ಪ್ರೋಟೀನುಗಳ ಆಧಾರದ ಮೇಲೆ ಎರಡು ಲಸಿಕೆಗಳು ೨೦೨೩ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ವೃದ್ಧರಿಗಾಗಿ ಅಂಗೀಕೃತವಾದವು. ಅವುಗಳಲ್ಲಿ ಒಂದನ್ನು ಅದೇ ಆಗಸ್ಟಿನಲ್ಲಿ ಗರ್ಭಿಣಿಯರಿಗೂ ಕೊಡಲು ಅನುಮತಿ ದೊರೆಯಿತು. ತಾಯಿಯ ಪ್ರತಿಕಾಯಗಳು ಹುಟ್ಟುವ ಶಿಶುವಿಗೆ ಸಾಗಿ ಬರುತ್ತವೆ. ಪರೀಕ್ಷೆಯಲ್ಲಿ, ಹುಟ್ಟಿದ ಮೊದಲ ೯೦ ದಿನಗಳಲ್ಲಿ ತೀವ್ರವಾದ ಶ್ವಾಸಕೋಶದ ರೋಗವನ್ನು ಈ ಲಸಿಕೆ ಸುಮಾರು ಶೇಕಡ ೮೨ರಷ್ಟು ತಗ್ಗಿಸಿತು. ಒಂದು ಕಾಲದಲ್ಲಿ ಲಸಿಕೆಯಿಂದಲೇ ಪೆಟ್ಟುತಿಂದ ಹಸುಳೆಗಳ ವಯಸ್ಸಿನವರಿಗೆ ಐವತ್ತೇಳು ವರ್ಷಗಳ ಬಳಿಕ ಈ ರಕ್ಷಣೆ ಒದಗಿತು.

ಇದೇ ಅರಿವು ಇನ್ನೊಂದು ಕಡೆ ಅನಿರೀಕ್ಷಿತವಾಗಿ ನೆರವಿಗೆ ಬಂದಿತು. ಮರ್ಸ್ ರೋಗದ ಕೊರೋನಾವೈರಸಿನ ಮುಳ್ಳುಪ್ರೋಟೀನನ್ನು ಎರಡು ಪ್ರೋಲೀನ್ ಅಮೈನೋ ಆಮ್ಲಗಳಿಂದ ಮೊದಲನೆಯ ಆಕಾರದಲ್ಲಿಯೇ ನಿಲ್ಲಿಸಬಹುದೆಂದು ೨೦೧೭ರಲ್ಲಿ ಪ್ರಕಟವಾಗಿತ್ತು. ೨೦೨೦ರ ಜನವರಿಯ ಎರಡನೆಯ ವಾರದಲ್ಲಿ ಕೋವಿಡ್ ವೈರಸಿನ ಅನುವಂಶಿಕ ಲಿಪಿ ಬಹಿರಂಗವಾದಾಗ, ಆ ಎರಡು ಬೆಣೆಗಳನ್ನು ಎಲ್ಲಿ ಹೊಡೆಯಬೇಕೆಂಬುದು ಆಗಲೇ ತಿಳಿದಿತ್ತು. ಮಾರ್ಚಿ ೧೬ರಂದು ಮೊದಲ ಸ್ವಯಂಸೇವಕರಿಗೆ ಎಂ-ಆರ್‌ಎನ್‌ಎ ಲಸಿಕೆಯ ಚುಚ್ಚುಮದ್ದು ಬಿದ್ದಿತು. ಜನರು ಇದನ್ನು ಎರಡು ತಿಂಗಳ ಪವಾಡವೆಂದರು. ಆದರೆ ಕಾರಿಕೋ ಮತ್ತು ವೈಸ್‌ಮನ್ ಅವರು ೨೦೦೫ರಲ್ಲಿ ಪ್ರಕಟಿಸಿದ, ೨೦೨೩ರ ನೊಬೆಲ್ ಪಾರಿತೋಷಕಕ್ಕೆ ಪಾತ್ರವಾದ ಆರ್‌ಎನ್‌ಎ ಸಂಶೋಧನೆಯೂ ರಚನೆಯ ಈ ಸಂಶೋಧನೆಯೂ ಅದರ ಹಿಂದೆ ವರ್ಷಗಟ್ಟಲೆ ನಡೆದಿದ್ದುವೆಂಬುದನ್ನು ನಾವು ಮರೆಯಬಾರದು.

೪. ಯಂತ್ರದ ಊಹೆ

ಇಷ್ಟೆಲ್ಲ ರಚನೆಗಳನ್ನು ಕಣ್ಣಾರೆ ಕಂಡು ಕೂಡಿಟ್ಟ ಮೇಲೆ, ಕಾಣದ ರಚನೆಗಳನ್ನು ಊಹಿಸಬಹುದೆ ಎಂಬ ಪ್ರಶ್ನೆ ಏಳುತ್ತದೆ. ಈ ಊಹೆಯ ಕೌಶಲವನ್ನು ಅಳೆಯಲು ೧೯೯೪ರಿಂದ ಎರಡು ವರ್ಷಗಳಿಗೊಮ್ಮೆ ಒಂದು ಸ್ಪರ್ಧೆ ನಡೆಯುತ್ತ ಬಂದಿದೆ. ಪ್ರಯೋಗದಿಂದ ಕಂಡುಕೊಂಡ, ಆದರೆ ಇನ್ನೂ ಪ್ರಕಟವಾಗದ ರಚನೆಗಳನ್ನು ಸ್ಪರ್ಧಿಗಳು ಊಹಿಸಬೇಕು. ೨೦೨೦ರಲ್ಲಿ ಡೀಪ್‌ಮೈಂಡ್ ಸಂಸ್ಥೆಯ ಆಲ್ಫಾಫೋಲ್ಡ್ ಎಂಬ ಗಣಕಕ್ರಮ ಹಲವು ಪ್ರೋಟೀನುಗಳಲ್ಲಿ ಪ್ರಯೋಗಕ್ಕೆ ಸಮೀಪವಾದ ಉತ್ತರಗಳನ್ನು ಕೊಟ್ಟಿತು. ೨೦೨೨ರ ವೇಳೆಗೆ ಇಪ್ಪತ್ತು ಕೋಟಿಗೂ ಮೀರಿದ ಪ್ರೋಟೀನುಗಳ ಊಹಿತ ರಚನೆಗಳು ಸಾರ್ವಜನಿಕರಿಗೆ ಲಭ್ಯವಾದವು. ೨೦೨೪ರ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕದ ಅರ್ಧಭಾಗ ಇದಕ್ಕಾಗಿ ಹಸಾಬಿಸ್ ಮತ್ತು ಜಂಪರ್ ಅವರಿಗೂ, ಉಳಿದರ್ಧ ಹೊಸ ಪ್ರೋಟೀನುಗಳನ್ನು ವಿನ್ಯಾಸಗೊಳಿಸಿದ ಡೇವಿಡ್ ಬೇಕರ್ ಅವರಿಗೂ ಸಂದಿತು.

ಇದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಈ ಯಂತ್ರ ಕಲಿತದ್ದು ಐವತ್ತು ವರ್ಷಗಳಲ್ಲಿ ಒಂದೊಂದಾಗಿ ಕಂಡು ಭಂಡಾರದಲ್ಲಿಟ್ಟ ರಚನೆಗಳಿಂದ ಎಂಬುದನ್ನು ಗಮನಿಸಬೇಕು. ಅಲ್ಲದೆ ಪ್ರೋಟೀನು ನಿಶ್ಚಲವಾದ ಶಿಲ್ಪವಲ್ಲ. ಮೇಲೆ ಹೇಳಿದ ವೈರಸಿನ ಪ್ರೋಟೀನಿನಂತೆ ಎರಡು ಆಕಾರಗಳಿರುವಲ್ಲಿ, ಯಂತ್ರ ಸಾಮಾನ್ಯವಾಗಿ ಒಂದನ್ನು ತೋರಿಸಿ ಸುಮ್ಮನಾಗುತ್ತದೆ. ಯಾವುದು ಯಾವಾಗ, ಏತರಿಂದ ಮಾರ್ಪಡುತ್ತದೆ ಎಂಬುದಕ್ಕೆ ಪ್ರಯೋಗಾಲಯವನ್ನೇ ಕೇಳಬೇಕು.

ಹರಳುಗಳ ಲೋಕದಲ್ಲಿಯೂ ಇಂಥದೇ ಪ್ರಸಂಗ ನಡೆಯಿತು. ೨೦೨೩ರ ನವೆಂಬರಿನಲ್ಲಿ ಅದೇ ಸಂಸ್ಥೆಯವರು ಗಣಕದ ಮೂಲಕ ೨೨ ಲಕ್ಷ ಹೊಸ ಹರಳುಗಳನ್ನು ಊಹಿಸಿ, ಅವುಗಳಲ್ಲಿ ಸುಮಾರು ೩ ಲಕ್ಷ ೮೦ ಸಾವಿರ ಸ್ಥಿರವಾಗಿರುವುವೆಂದು ಪ್ರಕಟಿಸಿದರು. ಅದೇ ವೇಳೆಗೆ ಬರ್ಕ್ಲಿಯ ಸ್ವಯಂಚಾಲಿತ ಪ್ರಯೋಗಾಲಯವೊಂದು ೧೭ ದಿನಗಳಲ್ಲಿ ೫೮ ಸಂಯುಕ್ತಗಳ ಪೈಕಿ ೪೧ನ್ನು ತಯಾರಿಸಿತೆಂದು ವರದಿಯಾಯಿತು. ಕೆಲವೇ ತಿಂಗಳಲ್ಲಿ ಬೇರೆ ರಸಾಯನವಿಜ್ಞಾನಿಗಳು ಆ ಕ್ಷ-ಕಿರಣ ಮಾಪನಗಳನ್ನು ಮರುಪರಿಶೀಲಿಸಿ ಆಕ್ಷೇಪವೆತ್ತಿದರು. ಗಣಕ ಊಹಿಸಿದ್ದು ಎರಡು ಲೋಹಗಳ ಪರಮಾಣುಗಳು ಕ್ರಮವಾಗಿ ಬೇರೆ ಬೇರೆ ಸ್ಥಾನಗಳಲ್ಲಿ ಕುಳಿತ ಹರಳನ್ನು. ವಾಸ್ತವದಲ್ಲಿ ದೊರೆತದ್ದು ಹಲವೆಡೆ ಅವೇ ಪರಮಾಣುಗಳು ಅಡ್ಡಾದಿಡ್ಡಿಯಾಗಿ ಬೆರೆತಿರುವ, ಮೊದಲೇ ಬಲ್ಲ ಪದಾರ್ಥವೆಂಬುದು ಅವರ ವಾದ. ಧಾತುಗಳು ಅವೇ, ಪ್ರಮಾಣ ಅದೇ. ಕುಳಿತ ಬಗೆ ಬೇರೆ. ವಜ್ರ ಮತ್ತು ಗ್ರಾಫೈಟುಗಳ ಹಳೆಯ ಪಾಠವೇ ಅತ್ಯಾಧುನಿಕ ಯಂತ್ರದ ಮುಂದೆಯೂ ಬಂದು ನಿಂತಿತು.

ಇದರಿಂದ ಊಹೆ ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಲಕ್ಷ ಸಾಧ್ಯತೆಗಳಲ್ಲಿ ಎಲ್ಲಿ ಅಗೆಯಬೇಕೆಂದು ತೋರಿಸುವ ಕೈಮರ ಬಹು ಉಪಕಾರಿಯೇ. ಆದರೆ ಕೈಮರವನ್ನು ಕಂಡಮಾತ್ರಕ್ಕೆ ಊರು ಸೇರಿದಂತಾಗುವುದಿಲ್ಲ.

೫. ಉಪಸಂಹಾರ

ಫಾಸ್ಫೇಟಿನಲ್ಲಿ ಆಮ್ಲಜನಕವನ್ನು ಬಿಗಿಹಿಡಿದ ರಂಜಕವೂ ವೈರಸಿನ ಪ್ರೋಟೀನಿನಲ್ಲಿ ಹೊಡೆದ ಬೆಣೆಯೂ ಒಂದೇ ಬಗೆಯ ವಿವೇಕದ ಫಲಗಳು. ಎರಡರಲ್ಲಿಯೂ ಪ್ರಶ್ನೆ ಒಂದೇ: ಈ ರಚನೆ ಎಲ್ಲಿ ಸಡಿಲವಾಗುತ್ತದೆ, ಎಲ್ಲಿ ಬಿಗಿದರೆ ನಿಲ್ಲುತ್ತದೆ? ಒಂದು ಪ್ರಶ್ನೆಯನ್ನು ರಸಾಯನವಿಜ್ಞಾನದ ವಿಭಾಗದಲ್ಲಿ, ಇನ್ನೊಂದನ್ನು ಜೀವವಿಜ್ಞಾನದ ವಿಭಾಗದಲ್ಲಿ ಕೇಳುತ್ತೇವೆ; ನಡುವೆ ಒಂದು ಗೋಡೆಯನ್ನು ನಾವೇ ಎಬ್ಬಿಸಿಕೊಂಡಿದ್ದೇವೆ. ಹರಳುಗಳ ಪಾಠವನ್ನು ಹೇಳುವ ಅಧ್ಯಾಪಕರು ಅದೇ ಗಂಟೆಯಲ್ಲಿ ಲಸಿಕೆಯ ಕಥೆಯನ್ನೂ ಹೇಳಬಹುದು. ಪ್ರೋಟೀನುಗಳ ಪಾಠ ಹೇಳುವವರು ವಿದ್ಯುತ್ಕೋಶವನ್ನು ನೆನೆಯಬಹುದು. ಪ್ರೋಟೀನು ರಚನೆಗಳ ಭಂಡಾರ ಎಲ್ಲರಿಗೂ ಉಚಿತವಾಗಿ ತೆರೆದಿದೆ. ತಾಲ್ಲೂಕಿನ ಕಾಲೇಜಿನ ವಿದ್ಯಾರ್ಥಿಯೂ ಗಣಕದ ತೆರೆಯ ಮೇಲೆ ಹೀಮೋಗ್ಲೋಬಿನ್ನನ್ನು ಹೊರಳಿಸಿ ನೋಡಬಹುದು, ರಾಮಚಂದ್ರನ್ ನಕ್ಷೆಯ ಮೇಲೆ ಅದರ ಕೋನಗಳನ್ನು ಗುರುತಿಸಬಹುದು.

ಜೊತೆಗೆ, ಹೊಸ ಸಂಶೋಧನೆಯ ಸುದ್ದಿಯನ್ನು ಓದಿದಾಗಲೆಲ್ಲ ನಮ್ಮ ವಿದ್ಯಾರ್ಥಿಗಳು ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವ ಅಭ್ಯಾಸವನ್ನು ಬೆಳೆಸಿಕೊಳ್ಳಲೆಂದು ನಾವು ಆಶಿಸುತ್ತೇವೆ: ಇದು ಕಂಡದ್ದೋ, ಊಹಿಸಿದ್ದೋ? ೧೯೬೬ರಲ್ಲಿ ಉತ್ತಮ ಉದ್ದೇಶವಿತ್ತು, ಸಮಂಜಸವಾದ ಊಹೆಯಿತ್ತು. ಕಂಡ ಅರಿವು ಇರಲಿಲ್ಲ. ಆ ಕೊರತೆಗೆ ಬೆಲೆ ತೆತ್ತವರು ಮಾತು ಬಾರದ ಹಸುಳೆಗಳು. ಇಂದು ಊಹಿಸುವ ಶಕ್ತಿ ಸಾವಿರಮಡಿ ಹೆಚ್ಚಿದೆ. ಆದಕಾರಣ ಕಂಡು ನಿರ್ಣಯಿಸುವ ಹೊಣೆಯೂ ಅಷ್ಟೇ ಹೆಚ್ಚಿದೆಯೆಂದು ನಾವು ಭಾವಿಸುತ್ತೇವೆ.